ಲೋಹವಿಲ್ಲದ ತಾಮ್ರದ ಹೊಳಪು

ಬಾದಾಮಿಯ ಅಗಸ್ತ್ಯತೀರ್ಥದ ಪೂರ್ವ ದಂಡೆಯಲ್ಲಿರುವ ಭೂತನಾಥ ಗುಡಿ ಪಶ್ಚಿಮಕ್ಕೆ ಮುಖ ಮಾಡಿದೆ. ಇಳಿಬಿಸಿಲು ಬಿದ್ದ ಹೊತ್ತಿಗೆ ಗುಡಿಯೂ ಅದರ ಹಿಂದಿನ ಬಂಡೆಯೂ ಹುಣಸೆಹಣ್ಣು ಹಚ್ಚಿ ಬೆಳಗಿದ ತಾಮ್ರದ ಕೊಡದಂತೆ ಕಾಣುತ್ತವೆ. ಆದರೆ ಆ ಕಲ್ಲಿನ ಕೆಂಪು ತಾಮ್ರದ್ದಲ್ಲ. ಮರಳಿನ ಕಣಗಳಿಗೆ ತೆಳ್ಳಗೆ ಅಂಟಿಕೊಂಡ ಕಬ್ಬಿಣದ ಆಕ್ಸೈಡ್ ಕೊಟ್ಟ ಬಣ್ಣ ಅದು. ಲೋಹದ ಕಳೆಯನ್ನು ಲೋಹವಿಲ್ಲದೆಯೂ ತೋರುವುದು ಬಾಗಲಕೋಟೆ ಸೀಮೆಯ ಕಲ್ಲಿನ ಗುಣ, ಕೈಮಗ್ಗದ ಜಾಣ್ಮೆ.

ಚಾಲುಕ್ಯರು ನಿಜವಾದ ತಾಮ್ರವನ್ನು ಬಳಸಿದ್ದು ದಾನಪತ್ರಗಳಿಗೆ. ಹಲಗೆಗಳ ಮೇಲೆ ಅಕ್ಷರ ಕೊರೆಸಿ, ಬಳೆಯಲ್ಲಿ ಪೋಣಿಸಿ, ವರಾಹ ಮುದ್ರೆ ಹಾಕಿಸುತ್ತಿದ್ದರು. ಇಮ್ಮಡಿ ಪುಲಕೇಶಿಯ ಹೈದರಾಬಾದ್ ತಾಮ್ರಶಾಸನ ಕ್ರಿ.ಶ. 612ರ ಸುಮಾರಿನದು. ಅದಕ್ಕೂ ಮೊದಲೇ, 578ರಲ್ಲಿ, ಅವನ ಚಿಕ್ಕಪ್ಪ ಮಂಗಳೇಶ ಬಾದಾಮಿಯ ಮೂರನೆಯ ಗುಹಾಲಯವನ್ನು ಮುಗಿಸಿದ್ದ. ಮುದ್ರೆಯ ವರಾಹ ಅಲ್ಲಿ ಭೂದೇವಿಯನ್ನು ಎತ್ತಿ ಹಿಡಿದು ಆಳೆತ್ತರ ಮೀರಿ ನಿಂತಿದ್ದಾನೆ. ಆ ಗುಹೆಯಲ್ಲಿ ಅಂದು ಬಣ್ಣದ ಚಿತ್ರಗಳಿದ್ದವು. ಸೂರಿನ ಒಳಮೈಯಲ್ಲಿ ಅವುಗಳ ಕುರುಹು ಇನ್ನೂ ಇದೆ. ಬಳಿದ ಬಣ್ಣ ಬಹುಪಾಲು ಅಳಿಸಿತು, ಕಲ್ಲಿನ ಸ್ವಂತ ಬಣ್ಣ ಉಳಿಯಿತು.

ಕುಬಸದ ಅರಿವೆಯಾದ ಗುಳೇದಗುಡ್ಡದ ಖಣದಲ್ಲಿ ಇದೇ ತಾಮ್ರದ ಕಳೆಯನ್ನು ನೇಕಾರರು ನೂಲಿನಿಂದ ಹುಟ್ಟಿಸುತ್ತಾರೆ. ಹಾಸಿಗೆ ಒಂದು ಬಣ್ಣ, ಹೊಕ್ಕಿಗೆ ಇನ್ನೊಂದು. ಕೆಂಪಿನೊಳಗೆ ಅರಿಸಿನ ಬಣ್ಣದ ನೂಲು ಹಾಯಿಸಿದರೆ ಅರಿವೆ ಮಡಿಕೆಯಲ್ಲಿ ತಾಮ್ರದಂತೆ ಮಿರುಗುತ್ತದೆ. ಕುಬಸ ತೊಟ್ಟವರ ತೋಳು ಆಡಿದಂತೆ ಒಮ್ಮೆ ಕೆಂಪು ಮುಂದಾಗುತ್ತದೆ, ಒಮ್ಮೆ ಹಳದಿ.

ಕೆಂಪು ಗ್ರಾನೈಟಿಗೂ ಹೆಸರಾದ ಇಳಕಲ್ಲಿನಲ್ಲಿ, ಹುನಗುಂದ ಸೀಮೆಯ ಮಗ್ಗಗಳಲ್ಲಿ, ಈ ಬಣ್ಣದ ಜಾಗ ಸೀರೆಯ ಸೆರಗು ಮತ್ತು ದಡಿ. ಒಡಲಿನ ಹಾಸಿನ ಒಂದೊಂದು ಎಳೆಗೂ ಸೆರಗಿನ ರೇಷ್ಮೆ ಎಳೆಯನ್ನು ಕೊಂಡಿ ಹಾಕಿ ಕೂಡಿಸುತ್ತಾರೆ. ಹೀಗಾಗಿ ಒಡಲು ಹತ್ತಿಯದಾದರೂ ಸೆರಗಿಗೆ ರೇಷ್ಮೆಯ ಹೊಳಪು ಬರುತ್ತದೆ. ಅಗ್ಗದ ಜರಿಯಲ್ಲಿ ಒಳಗೆ ತಾಮ್ರದ ತಂತಿ, ಮೇಲೆ ತೆಳುವಾದ ಲೇಪ. ಲೇಪ ಸವೆದರೆ ಅದು ಕಪ್ಪಿಡುತ್ತದೆ. ರೇಷ್ಮೆಗೆ ಆ ಭಯವಿಲ್ಲ.

ವಿದ್ಯುತ್ ಮಗ್ಗದ ನಕಲುಗಳು ಅಂಗಡಿಯಲ್ಲಿ ಇಳಕಲ್ ಸೀರೆಯ ಪಕ್ಕದಲ್ಲೇ ಕುಳಿತಿವೆ. ಕೊಳ್ಳುವವರು ದಡಿಯ ಮಿರುಗನ್ನಷ್ಟೇ ನೋಡಿ ಬೆಲೆ ಕಟ್ಟಬಾರದು. ಒಡಲೂ ಸೆರಗೂ ಕೂಡುವ ಜಾಗವನ್ನು ತಿರುವಿ ನೋಡಬೇಕು, ಕೊಂಡಿಯ ಸಾಲಿನ ಮೇಲೆ ಬೆರಳಾಡಿಸಬೇಕು. ಆ ಕೈಕೆಲಸಕ್ಕೆ ತಕ್ಕ ಬೆಲೆ ಕೊಟ್ಟರೆ ಮಾತ್ರ ನೇಕಾರರ ಮಕ್ಕಳು ಮುಂದೆಯೂ ಮಗ್ಗಕ್ಕೆ ಕೂತಾರು.