ದುರ್ವಾಸನೆಯ ಮರವೂ ಜಠರದ ಕ್ಯಾನ್ಸರೂ

ಅಫಜಲಪುರ ತಾಲ್ಲೂಕಿನ ಹವಳಗಾದಿಂದ ಕಾಲೇಜಿಗೆ ಬರುವ ವಿದ್ಯಾರ್ಥಿಯೊಬ್ಬನು ಮೊನ್ನೆ ಪಾಠ ಮುಗಿದ ಮೇಲೆ ಹಿಂದೆ ಉಳಿದು ನನ್ನನ್ನು ಕೇಳಿದನು: "ಸರ್, ಅರಿಷಿಣದಾಗ ಹೊಟ್ಟಿ ಕ್ಯಾನ್ಸರ್ ಕಳಿಯೋ ಗುಣ ಅದ ಅಂತಾರ. ಖರೇ ಏನ್ರಿ?" ಅವನ ಮುತ್ಯಾನಿಗೆ ಮೂರು ತಿಂಗಳಿಂದ ಅನ್ನ ಸೇರದು, ಮೈ ಇಳಿದುಹೋಗಿದೆ. ಮನೆಯವರು ಬೆಳಿಗ್ಗೆ ಸಂಜೆ ಕಷಾಯ ಕುಡಿಸುತ್ತಿರುವರು. ಇನ್ನೂ ಯಾವ ವೈದ್ಯರಿಗೂ ತೋರಿಸಿಲ್ಲ.

ನಾನು ಭೌತವಿಜ್ಞಾನವನ್ನು ಬೋಧಿಸುವವನೇ ಹೊರತು ವೈದ್ಯನಲ್ಲ. ಆದರೂ ಈ ಪ್ರಶ್ನೆಗೆ ಹೌದೆಂದರೆ ಸುಳ್ಳಾಗುತ್ತದೆ. ಗಿಡಗಳಲ್ಲಿ ಏನೂ ಇಲ್ಲವೆಂದರೆ ಅದೂ ಸುಳ್ಳಾಗುತ್ತದೆ. ಜಠರದ ಕ್ಯಾನ್ಸರಿಗೆ ಇಂದು ಆಸ್ಪತ್ರೆಗಳಲ್ಲಿ ಕೊಡುವ ಔಷಧಗಳಲ್ಲಿ ಕೆಲವು ಮರಗಳಿಂದ ಬಂದವೇ ಆಗಿವೆ. ಅಂಥ ಒಂದು ಮರ ನಮ್ಮ ಪಶ್ಚಿಮಘಟ್ಟಗಳಲ್ಲಿಯೇ ಬೆಳೆಯುತ್ತದೆ. ಆದರೆ ಮರಕ್ಕೂ ರೋಗಿಗೂ ನಡುವೆ ಇರುವ ದಾರಿ ಎಷ್ಟು ದೀರ್ಘವೆಂಬುದು ಕಷಾಯ ಕುದಿಸುವವರಿಗೆ ತಿಳಿದಿರುವುದಿಲ್ಲ.

ಮೊದಲು ಅರಿಷಿಣವನ್ನೇ ನೋಡೋಣ. ಅದರ ಹಳದಿ ಬಣ್ಣಕ್ಕೆ ಕಾರಣವಾದ ಕರ್ಕ್ಯುಮಿನ್ ಎಂಬ ದ್ರವ್ಯವನ್ನು 1815ರಲ್ಲಿಯೇ ಬೇರ್ಪಡಿಸಿದರು. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಜಠರದ ಕ್ಯಾನ್ಸರ್ ಕೋಶಗಳ ಮೇಲೆ ಇದನ್ನು ಸುರಿದರೆ ಅವು ಸಾಯುತ್ತವೆ, ಇದು ನಿಜ. ಆದರೆ ತಟ್ಟೆಯಲ್ಲಿ ದ್ರವ್ಯವು ಕೋಶಕ್ಕೆ ನೇರವಾಗಿ ತಾಗುತ್ತದೆ, ದೇಹದಲ್ಲಿ ಹಾಗಲ್ಲ. ದಿನಕ್ಕೆ 8 ಗ್ರಾಂ ಕರ್ಕ್ಯುಮಿನ್ ನುಂಗಿದವರ ರಕ್ತದಲ್ಲಿಯೂ ಅದು ಕಂಡುಬಂದುದು ಅತ್ಯಲ್ಪ ಪ್ರಮಾಣದಲ್ಲಿ. ಅರಿಷಿಣದ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ನೂರಕ್ಕೆ ಸುಮಾರು ಮೂರು ಭಾಗ. ಅಂದಮೇಲೆ ಆ 8 ಗ್ರಾಂ ಪಡೆಯಲು ದಿನವೊಂದಕ್ಕೆ ಕಾಲು ಕಿಲೋಗಿಂತ ಹೆಚ್ಚು ಪುಡಿ ತಿನ್ನಬೇಕಾಯಿತು! ಜಠರಕ್ಕಾದರೋ ಅದು ನೇರವಾಗಿಯೇ ತಾಗುವುದಲ್ಲ ಎಂದು ಚುರುಕಾದ ವಿದ್ಯಾರ್ಥಿ ಕೇಳಬಹುದು. ಕ್ಯಾನ್ಸರ್ ಒಳಮೈಯ ಪೊರೆಯಲ್ಲಿ ಹುಟ್ಟಿದರೂ ಅಲ್ಲಿಯೇ ನಿಲ್ಲುವುದಿಲ್ಲ. ಜಠರದ ಗೋಡೆಯ ಆಳಕ್ಕೂ, ದುಗ್ಧಗ್ರಂಥಿಗಳಿಗೂ, ಯಕೃತ್ತಿಗೂ ಇಳಿಯುತ್ತದೆ. ಅಲ್ಲಿಗೆ ಮದ್ದು ತಲಪಬೇಕಾದರೆ ರಕ್ತದ ಮೂಲಕವೇ ತಲಪಬೇಕು.

ಇನ್ನು ತಲಪಿದ ಮದ್ದಿನ ವಿಚಾರ. ಇದನ್ನು ತಿಳಿಯಲು ಒಂದು ಹಗ್ಗ ಸಾಕು. ನಮ್ಮ ಕಡೆಯ ರೈತರು ಪುಂಡಿಯ ನಾರನ್ನು ನೆನೆಹಾಕಿ, ಬಡಿದು, ಹೊಸೆದು ಹಗ್ಗ ಮಾಡುತ್ತಿದ್ದರು. ಕಾರಹುಣ್ಣಿಮೆಗೆ ಎತ್ತುಗಳಿಗೆ ಹೊಸ ಹಗ್ಗ ಬರುತ್ತಿತ್ತು. ಎರಡೆಳೆಯ ಅಂಥ ಹಗ್ಗದ ಒಂದು ತುದಿಯನ್ನು ಗೂಟಕ್ಕೆ ಬಿಗಿದು, ಇನ್ನೊಂದು ತುದಿಯಲ್ಲಿ ಎಳೆಗಳನ್ನು ಎರಡು ಕೈಗಳಿಂದ ಬಿಡಿಸುತ್ತ ಹೋಗಿರಿ. ಬಿಡಿಸಿದಷ್ಟೂ ಮುಂದಿನ ಭಾಗದಲ್ಲಿ ಹುರಿ ಏರುತ್ತದೆ. ಕೊನೆಗೆ ಹಗ್ಗ ಗಂಟುಗಂಟಾಗಿ ಸುತ್ತಿಕೊಂಡು, ಮುಂದೆ ಬಿಡಿಸಲು ಬಾರದಾಗುತ್ತದೆ.

ಜೀವಕೋಶದೊಳಗಿನ ಡಿ.ಎನ್.ಎ. ಕೂಡ ಎರಡೆಳೆಯ ಹುರಿಯೇ. ಮನುಷ್ಯನ ಒಂದು ಕೋಶದಲ್ಲಿರುವ ಡಿ.ಎನ್.ಎ.ಯನ್ನೆಲ್ಲ ಜೋಡಿಸಿದರೆ ಸುಮಾರು 2 ಮೀಟರ್ ಉದ್ದವಾಗುತ್ತದೆ. ಅದರಲ್ಲಿ ಸುಮಾರು 60 ಕೋಟಿ ಸುತ್ತುಗಳಿರುತ್ತವೆ. ಕೋಶ ಇಬ್ಭಾಗವಾಗುವ ಮುನ್ನ ಈ ಸುತ್ತುಗಳನ್ನೆಲ್ಲ ಬಿಚ್ಚಿ, ಒಂದೊಂದು ಎಳೆಗೂ ಹೊಸ ಜೊತೆಯನ್ನು ಕಟ್ಟಬೇಕು. ಹುರಿ ಏರಿ ಕೆಲಸ ನಿಲ್ಲದಂತೆ ನೋಡಿಕೊಳ್ಳುವ ಒಂದು ಕಿಣ್ವವುಂಟು. ಟೋಪೋಐಸೊಮರೇಸ್ ಎಂದು ಅದರ ಹೆಸರು. ಅದು ಮಾಡುವ ಉಪಾಯ ಬಲು ಸೊಗಸಾದುದು. ಎರಡೆಳೆಗಳಲ್ಲಿ ಒಂದನ್ನು ಕತ್ತರಿಸಿ, ತುಂಡಾದ ತುದಿಯನ್ನು ತಾನೇ ಹಿಡಿದುಕೊಂಡು, ಹುರಿ ತಾನಾಗಿ ಸಡಿಲಗೊಳ್ಳುವವರೆಗೆ ತಿರುಗಗೊಟ್ಟು, ಮತ್ತೆ ಎಳೆಯನ್ನು ಬೆಸೆಯುತ್ತದೆ.

ನಮ್ಮ ಮರದ ವಿಷವು ಕೈಹಾಕುವುದು ಇಲ್ಲಿಯೇ. ಕ್ಯಾಂಪ್ಟೊಥೆಸಿನ್ ಎಂಬ ಆ ದ್ರವ್ಯದ ಅಣುವು ಕತ್ತರಿಸಿದ ಸಂದಿನಲ್ಲಿ ಬೆಣೆಯಂತೆ ಸಿಕ್ಕಿಕೊಂಡು, ಕಿಣ್ವವು ಎಳೆಯನ್ನು ಮತ್ತೆ ಬೆಸೆಯದಂತೆ ತಡೆಯುತ್ತದೆ. ನಕಲು ಮಾಡುವ ಯಂತ್ರಾಂಗವು ಬಂದು ಈ ಸಂದಿಗೆ ಬಡಿದಾಗ ಎರಡೂ ಎಳೆಗಳು ಕಡಿದು ಹೋಗಿ ಕೋಶ ಸಾಯುತ್ತದೆ. ಸದಾ ವಿಭಜನೆಯಲ್ಲಿ ತೊಡಗಿರುವ ಕ್ಯಾನ್ಸರ್ ಕೋಶಕ್ಕೆ ಈ ಪೆಟ್ಟು ಹೆಚ್ಚು. ಆದರೆ ಕರುಳಿನ ಪೊರೆ, ಎಲುಬಿನ ಮಜ್ಜೆ ಇವುಗಳ ಕೋಶಗಳೂ ವೇಗವಾಗಿ ವಿಭಜಿಸುವುವು; ಅವೂ ಪೆಟ್ಟು ತಿನ್ನುತ್ತವೆ.

ಕ್ಯಾಂಪ್ಟೊಥೆಸಿನ್ನನ್ನು 1966ರಲ್ಲಿ ಅಮೆರಿಕದ ಉತ್ತರ ಕೆರೊಲಿನಾದಲ್ಲಿ ಮನ್ರೋ ವಾಲ್ ಮತ್ತು ಮನ್ಸುಖ್ ವಾಣಿ ಎಂಬ ರಸಾಯನಜ್ಞರು, ಚೀನದಲ್ಲಿ 'ಸುಖವೃಕ್ಷ'ವೆಂದು ಕರೆಯುವ ಮರವೊಂದರಿಂದ ಬೇರ್ಪಡಿಸಿದರು. ವಾಣಿಯವರು ನಮ್ಮ ನೆರೆಯ ಮಹಾರಾಷ್ಟ್ರದ ನಂದುರಬಾರಿನವರು. 1972ರಲ್ಲಿ ಮುಂಬಯಿಯ ಸಿಬಾ ಸಂಶೋಧನ ಕೇಂದ್ರದ ಗೋವಿಂದಾಚಾರಿ ಮತ್ತು ವಿಶ್ವನಾಥನ್ ಅದೇ ದ್ರವ್ಯವನ್ನು ನಮ್ಮ ಘಟ್ಟಗಳ ಮರವೊಂದರಲ್ಲಿ ಕಂಡರು. ಕನ್ನಡಿಗರು ಅದನ್ನು 'ದುರ್ವಾಸನೆ ಮರ'ವೆಂದೂ ಮರಾಠಿಗರು 'ನರಕ್ಯಾ' ಎಂದೂ ಕರೆಯುತ್ತಾರೆ. ಹೆಸರೇ ಅದರ ವಾಸನೆಯನ್ನು ಹೇಳುತ್ತದೆ. ಸುಖವೃಕ್ಷ ಕೊಟ್ಟುದನ್ನೇ ನರಕವೃಕ್ಷವೂ ಕೊಟ್ಟಿತೆಂದು ನಗಬಹುದು.

ಆದರೆ ಸಿಕ್ಕ ದ್ರವ್ಯ ಮದ್ದಾಗಲಿಲ್ಲ. ಅದು ನೀರಿನಲ್ಲಿ ಕರಗದು. ಆದುದರಿಂದ ಅದರ ಅಣುವಿನಲ್ಲಿರುವ ಒಂದು ಉಂಗುರವನ್ನು ಬಿಚ್ಚಿ, ಕರಗುವ ಸೋಡಿಯಂ ಲವಣವನ್ನು ಮಾಡಿ, 1970ರ ದಶಕದ ಆರಂಭದಲ್ಲಿ ರೋಗಿಗಳಿಗೆ ಕೊಟ್ಟು ನೋಡಿದರು. ಕೋಶವನ್ನು ಕೊಲ್ಲುವ ಶಕ್ತಿ ಇದ್ದುದು ಆ ಉಂಗುರ ಮುಚ್ಚಿದ್ದಾಗ ಮಾತ್ರ! ತುಸು ಕ್ಷಾರವಾದ ರಕ್ತದಲ್ಲಿ ಅದು ಬಿಚ್ಚಿಯೇ ಇದ್ದು ನಿಷ್ಫಲವಾಯಿತು. ಆಮ್ಲವಾದ ಮೂತ್ರವನ್ನು ಸೇರಿದೊಡನೆ ಮುಚ್ಚಿಕೊಂಡು ಮೂತ್ರಕೋಶವನ್ನು ಸುಟ್ಟು ರಕ್ತಸ್ರಾವವನ್ನು ಉಂಟುಮಾಡಿತು. ಪ್ರಯೋಗ ನಿಂತುಹೋಯಿತು. ಗುಣವೂ ವಿಷವೂ ಒಂದೇ ಉಂಗುರದಲ್ಲಿದ್ದ ಈ ಪ್ರಸಂಗವನ್ನು ರಸಾಯನಶಾಸ್ತ್ರದ ವಿದ್ಯಾರ್ಥಿಗಳು ಮರೆಯಬಾರದು.

1985ರಲ್ಲಿ ಲೆರಾಯ್ ಲಿಯು ಮತ್ತು ಅವರ ಸಂಗಡಿಗರು ಆ ದ್ರವ್ಯದ ಗುರಿ ಟೋಪೋಐಸೊಮರೇಸ್ ಎಂಬುದನ್ನು ತೋರಿಸಿದ ಮೇಲೆ ಮತ್ತೆ ಆಸಕ್ತಿ ಮೂಡಿತು. ಜಪಾನಿನ ರಸಾಯನಜ್ಞರು ಉಂಗುರವನ್ನು ಮುಟ್ಟದೆ, ಅಣುವಿನ ಬೇರೆ ಕಡೆ ನೀರಿನಲ್ಲಿ ಕರಗುವ ಬಾಲವೊಂದನ್ನು ಜೋಡಿಸಿದರು. ದೇಹದೊಳಗೆ, ಮುಖ್ಯವಾಗಿ ಯಕೃತ್ತಿನಲ್ಲಿ, ಕಿಣ್ವಗಳು ಆ ಬಾಲವನ್ನು ಕತ್ತರಿಸಿ ತೀಕ್ಷ್ಣವಾದ ಮದ್ದನ್ನು ಬಿಡುಗಡೆಮಾಡುತ್ತವೆ. ಇದೇ ಇರಿನೋಟಿಕ್ಯಾನ್, 1994ರಲ್ಲಿ ಜಪಾನಿನಲ್ಲಿ ಬಳಕೆಗೆ ಒಪ್ಪಿಗೆ ಪಡೆಯಿತು. ಮರದಿಂದ ರೋಗಿಯವರೆಗೆ 28 ವರ್ಷ ಹಿಡಿಯಿತು.

ಈ ಮದ್ದು ಜಠರದ ಕ್ಯಾನ್ಸರಿನಲ್ಲಿ ಏನು ಮಾಡಿದೆ? ಮೊದಲ ಚಿಕಿತ್ಸೆ ವಿಫಲವಾಗಿ ರೋಗ ಹರಡಿದ್ದ 40 ಮಂದಿಯ ಮೇಲೆ ನಡೆದ ಜರ್ಮನಿಯ ಪರೀಕ್ಷೆಯೊಂದರ ಫಲ 2011ರಲ್ಲಿ ಪ್ರಕಟವಾಯಿತು. ಕೇವಲ ಶುಶ್ರೂಷೆ ಪಡೆದವರ ಮಧ್ಯಮ ಆಯುಸ್ಸು 2.4 ತಿಂಗಳು, ಇರಿನೋಟಿಕ್ಯಾನ್ ಪಡೆದವರದು 4.0 ತಿಂಗಳು. ಅಂಕಿ ಚಿಕ್ಕದು. ಆದರೆ ಅದು ಅಳೆದು ತಿಳಿದ ಅಂಕಿ. ಯಾವ ಕಷಾಯಕ್ಕೂ ಅಂಥ ಅಂಕಿ ಇಲ್ಲ.

ಅಂಕಿ ಚಿಕ್ಕದಾಗಲು ಒಂದು ಕಾರಣವನ್ನು ಮರವೇ ಹೇಳುತ್ತದೆ. ಇಷ್ಟು ವಿಷವನ್ನು ಒಡಲಲ್ಲಿಟ್ಟುಕೊಂಡು ಮರ ಹೇಗೆ ಬದುಕುತ್ತದೆ? ಚೀನದ ಮರವನ್ನು ಪರೀಕ್ಷಿಸಿದ ಜಪಾನಿನ ವಿಜ್ಞಾನಿಗಳು 2008ರಲ್ಲಿ ಉತ್ತರ ಕಂಡುಕೊಂಡರು. ಅದರ ಟೋಪೋಐಸೊಮರೇಸಿನಲ್ಲಿ, ಬೆಣೆ ಕೂಡುವ ತಾಣದ ಒಂದು ಅಮೈನೋ ಆಮ್ಲ ಬದಲಾಗಿತ್ತು. ಈ ಮದ್ದಿಗೆ ಜಗ್ಗದ ಮನುಷ್ಯನ ಕ್ಯಾನ್ಸರ್ ಕೋಶಗಳಲ್ಲಿಯೂ ಅದೇ ಬದಲಾವಣೆ ಮೊದಲೇ ಕಂಡುಬಂದಿತ್ತು.

ಘಟ್ಟದ ಮರದ ಗತಿಯನ್ನೂ ಹೇಳಬೇಕು. ಅದರ ಒಣಗಿದ ಕಾಷ್ಠದಲ್ಲಿ ಈ ದ್ರವ್ಯ ಸಾವಿರಕ್ಕೆ ಒಂದೆರಡು ಭಾಗವಷ್ಟೆ. ಬೇರಿನಲ್ಲಿ ತುಸು ಹೆಚ್ಚು. ಆದುದರಿಂದ ಕಡಿಯುವವರು ಬೇರುಸಹಿತ ಕಿತ್ತರು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಘಟ್ಟಗಳನ್ನು ಅಲೆದು, ದ್ರವ್ಯ ಹೆಚ್ಚಾಗಿರುವ ಮರಗಳನ್ನು ಗುರುತಿಸಿದ್ದಾರೆ. ಮರದ ಅಂಗಾಂಶದೊಳಗೆ ನೆಲಸಿದ ಶಿಲೀಂಧ್ರವೊಂದು ತಾನೂ ಈ ದ್ರವ್ಯವನ್ನು ತಯಾರಿಸುತ್ತದೆಂದು 2005ರಲ್ಲಿ ಭಾರತೀಯ ಸಂಶೋಧಕರು ವರದಿಮಾಡಿದರು. ಅದನ್ನು ತೊಟ್ಟಿಯಲ್ಲಿ ಬೆಳೆಸಿ ಮರವನ್ನು ಉಳಿಸುವ ಆಸೆ ಇನ್ನೂ ಕೈಗೂಡಿಲ್ಲ.

ಸಸ್ಯಮೂಲದ ಇನ್ನೊಂದು ಮದ್ದು ಡೊಸೆಟ್ಯಾಕ್ಸೆಲ್. ಯೂರೋಪಿನ ಯೂ ಮರದ ಸೂಜಿಯೆಲೆಗಳಿಂದ ತೆಗೆದ ದ್ರವ್ಯವನ್ನು ಮಾರ್ಪಡಿಸಿ ಮಾಡಿದುದು. ಶಸ್ತ್ರಚಿಕಿತ್ಸೆ ಸಾಧ್ಯವಿರುವ ಹಂತದ 716 ರೋಗಿಗಳಿಗೆ, ಶಸ್ತ್ರಕ್ರಿಯೆಯ ಮೊದಲೂ ಅನಂತರವೂ ಔಷಧ ಕೊಟ್ಟ ಜರ್ಮನಿಯ ಪರೀಕ್ಷೆಯ ಫಲ 2019ರಲ್ಲಿ ಹೊರಬಂದಿತು. ಹಳೆಯ ಮಿಶ್ರಣ ಪಡೆದವರ ಮಧ್ಯಮ ಆಯುಸ್ಸು 35 ತಿಂಗಳು. ಡೊಸೆಟ್ಯಾಕ್ಸೆಲ್ ಸೇರಿದ ನಾಲ್ಕು ಔಷಧಗಳ ಹೊಸ ಮಿಶ್ರಣ ಪಡೆದವರದು 50 ತಿಂಗಳು. ಹಿಂದೆ ಹೇಳಿದ ನಾಲ್ಕು ತಿಂಗಳೊಡನೆ ಇದನ್ನು ಹೋಲಿಸಿ ನೋಡಿರಿ. ಮದ್ದುಗಳು ಬೇರೆಯಾಗಿದ್ದುದು ನಿಜ. ಆದರೆ ದೊಡ್ಡ ಅಂತರಕ್ಕೆ ಕಾರಣ ರೋಗಿ ಬಂದ ಹಂತ.

ಹವಳಗಾದ ಹುಡುಗನಿಗೆ ಇಷ್ಟನ್ನೂ ಹೇಳಲಿಲ್ಲ. ಅರಿಷಿಣ ಅಡುಗೆಯಲ್ಲಿರಲಿ, ಮುತ್ಯಾನನ್ನು ಈ ವಾರವೇ ಕಲಬುರಗಿಗೆ ಕರೆತಂದು ಜಠರದೊಳಗೆ ನಳಿಗೆ ಇಳಿಸಿ ನೋಡುವ ಎಂಡೊಸ್ಕೋಪಿ ಪರೀಕ್ಷೆ ಮಾಡಿಸು ಎಂದೆನು. ಕಾಯಿಲೆ ಬರಿಯ ಹುಣ್ಣೂ ಆಗಿರಬಹುದು, ನೋಡದೆ ಹೇಳಲಾಗದು. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ಶಾಖೆಯೊಂದು ಕಲಬುರಗಿಯಲ್ಲಿಯೇ ಇರುವುದನ್ನೂ ತಿಳಿಸಿದೆನು. ಸೋಮವಾರ ಅವನು ತರಗತಿಗೆ ಬಂದಿರಲಿಲ್ಲ. ಮುತ್ಯಾನ ಜೊತೆಗೆ ಆಸ್ಪತ್ರೆಗೆ ಹೋಗಿರುವನೆಂದು ಅವನ ಗೆಳೆಯನು ಹೇಳಿದನು.