ಆಣೆಕಟ್ಟಿಗೆ ಕ್ಯಾಮರಾದ ಕಾವಲು

೨೦೨೪ನೆಯ ಆಗಸ್ಟ್ ೧೦ರ ರಾತ್ರಿ ಮುನಿರಾಬಾದಿಗೆ ಹೊಂದಿಕೊಂಡ ತುಂಗಭದ್ರಾ ಆಣೆಕಟ್ಟಿನ ೩೩ ಗೇಟುಗಳಲ್ಲಿ ೧೯ನೆಯದರ ಸರಪಳಿ ತುಂಡಾಗಿ, ಗೇಟು ಹೊಳೆಯ ಪಾಲಾಯಿತು. ಕೊಂಡಿಯೊಳಗಿನ ಬಿರುಕನ್ನು ಕ್ಯಾಮರಾ ಕಾಣಲಾರದು. ಗೇಟು ಕದಲಿದ ಕ್ಷಣವನ್ನು ಮಾತ್ರ ದೂರದ ಕೊಠಡಿಗೆ ತಿಳಿಸಬಲ್ಲುದು. ಅಂತಹ ಕಾವಲನ್ನು ಏರ್ಪಡಿಸುವ ಬಗೆಯನ್ನು ನೋಡೋಣ.

ಮೊದಲ ತೊಡಕು ದೂರ. ವಿದ್ಯುತ್ತನ್ನೂ ಚಿತ್ರವನ್ನೂ ಒಟ್ಟಿಗೆ ಒಯ್ಯುವ ಸಾಮಾನ್ಯ ತಾಮ್ರದ ಕೇಬಲ್ಲಿಗೆ ೧೦೦ ಮೀಟರೇ ಮಿತಿ. ಆಣೆಕಟ್ಟಿನ ಉದ್ದವೋ ಸುಮಾರು ೨,೪೦೦ ಮೀಟರು! ಆದುದರಿಂದ ಕ್ಯಾಮರಾಗಳ ಸಮೀಪದ ಪೆಟ್ಟಿಗೆಯವರೆಗೆ ತಾಮ್ರವನ್ನೂ, ಅಲ್ಲಿಂದ ಮುಂದಕ್ಕೆ ಬೆಳಕನ್ನೊಯ್ಯುವ ಗಾಜಿನ ಎಳೆಯಾದ ಆಪ್ಟಿಕಲ್ ಫೈಬರನ್ನೂ ಎಳೆಯಬೇಕು. ಬಳಿಕ ಪ್ರತಿ ಕ್ಯಾಮರಾಕ್ಕೂ ಬೇರೆಬೇರೆ ಸ್ಥಿರ ಐಪಿ ವಿಳಾಸ ಕೊಟ್ಟು, ಕಾರ್ಖಾನೆಯ ಪಾಸ್‌ವರ್ಡನ್ನು ಬದಲಿಸಬೇಕು. ಗಡಿಯಾರಗಳೆಲ್ಲವೂ ಒಂದೇ ಸರ್ವರಿನ ಕಾಲವನ್ನು ಅನುಸರಿಸಬೇಕು. ಇಲ್ಲವಾದರೆ ಮೊದಲು ಅಲುಗಿದ ಗೇಟು ಯಾವುದೆಂಬುದಕ್ಕೆ ಚಿತ್ರಗಳು ಪರಸ್ಪರ ವಿರುದ್ಧ ಸಾಕ್ಷಿ ನುಡಿದಾವು. ನೀರಾದರೋ ಸದಾ ಚಲಿಸುತ್ತಿರುವುದು. ಆದಕಾರಣ ಅದನ್ನು ಬಿಟ್ಟು ಗೇಟು, ಸರಪಳಿಗಳಿರುವ ಭಾಗದಲ್ಲಷ್ಟೇ ಚಲನೆಯ ಎಚ್ಚರಿಕೆಯನ್ನು ಗೊತ್ತುಮಾಡಬೇಕು.