ಕಲಿಕೆಯ ವಕ್ರರೇಖೆ: ಮಹಾಧಮನಿಯ ಜಟಿಲ ಚಿಕಿತ್ಸೆಯ ಒಂದು ನಿದರ್ಶನ

‘ಹಾಡುತ್ತ ಹಾಡುತ್ತ ರಾಗ’ ಎಂಬ ಗಾದೆ ಹೇಳದೆ ಬಿಟ್ಟಿರುವ ಸಂಗತಿಯೊಂದುಂಟು. ರಾಗವು ಕುದುರುವುದಕ್ಕೆ ಮುನ್ನ ಅಪಸ್ವರವನ್ನು ಕೇಳುವವರು ಯಾರಾದರೂ ಇರಲೇಬೇಕು. ಸಂಗೀತದಲ್ಲಿ ಅದರಿಂದಾಗುವ ನಷ್ಟ ಅಲ್ಪ, ಶಸ್ತ್ರಚಿಕಿತ್ಸೆಯಲ್ಲಿ ಹಾಗಲ್ಲ. ಆಸ್ಪತ್ರೆಯೊಂದು ಕಠಿಣವಾದ ಚಿಕಿತ್ಸೆಯನ್ನು ಹೊಸದಾಗಿ ಕೈಗೊಂಡಾಗ, ಮೊದಲ ಕೆಲವು ರೋಗಿಗಳು ವೈದ್ಯರ ಕಲಿಕೆಯ ಕಾಲಕ್ಕೆ ಸಿಕ್ಕಿದವರಾಗುತ್ತಾರೆ. ಈ ಕಲಿಕೆಯನ್ನು ಅಳೆಯಲು ಸಾಧ್ಯವೇ, ಸಾಧ್ಯವಾದರೆ ಅಳೆಯುತ್ತಿರುವುದು ಯಾರ ಕಲಿಕೆಯನ್ನು ಎಂಬುದನ್ನು ಇಲ್ಲಿ ಪರಿಶೀಲಿಸಲೆಳಸಿದ್ದೇವೆ. ನಾವು ಸಂಖ್ಯಾಶಾಸ್ತ್ರದ ವಿದ್ಯಾರ್ಥಿಗಳೇ ಹೊರತು ವೈದ್ಯರಲ್ಲ. ಆದುದರಿಂದ ಶಸ್ತ್ರವಿದ್ಯೆಯ ವಿವರಗಳನ್ನು ವಿಷಯಕ್ಕೆ ಅಗತ್ಯವಿರುವಷ್ಟೇ ಎತ್ತಿಕೊಂಡಿದ್ದೇವೆ.

ಹೃದಯದಿಂದ ಹೊರಟು ಎದೆ ಹೊಟ್ಟೆಗಳ ಮೂಲಕ ಇಳಿಯುವ ಮಹಾಧಮನಿಯು, ಗೋಡೆ ದುರ್ಬಲವಾದೆಡೆಯಲ್ಲಿ ಉಬ್ಬಿಕೊಳ್ಳುತ್ತದೆ. ಆ ಉಬ್ಬು ಒಡೆದರೆ ಬದುಕುವವರು ವಿರಳ. ಮೂತ್ರಪಿಂಡಗಳ ಕೆಳಭಾಗದಲ್ಲಿರುವ ಉಬ್ಬನ್ನು ಸರಿಪಡಿಸುವುದು ಹೋಲಿಕೆಯಲ್ಲಿ ಸುಲಭ. ಎದೆಯಿಂದ ಹೊಟ್ಟೆಯವರೆಗೆ ಹಬ್ಬಿದ ಉಬ್ಬಿನ ಪಾಡೇ ಬೇರೆ. ಯಕೃತ್ತು, ಜಠರ, ಕರುಳು, ಮೂತ್ರಪಿಂಡಗಳಿಗೆ ರಕ್ತವನ್ನೊಯ್ಯುವ ಶಾಖೆಗಳು ಒಡೆಯುವುದು ಅಲ್ಲಿಂದಲೇ. ಬೆನ್ನುಹುರಿಗೆ ಹೋಗುವ ಸಣ್ಣ ನಾಳಗಳೂ ಅಲ್ಲಿಂದಲೇ. ಧಮನಿಗೆ ಇಕ್ಕಳ ಹಾಕಿ ರಕ್ತವನ್ನು ತಡೆದಷ್ಟು ಹೊತ್ತೂ ಈ ಅವಯವಗಳು ಹಸಿದಿರುತ್ತವೆ. ಇಂತಹ ಚಿಕಿತ್ಸೆಯಲ್ಲಿ ಅಗ್ರಗಣ್ಯರಾಗಿದ್ದ ಹ್ಯೂಸ್ಟನ್ನಿನ ಸ್ಟ್ಯಾನ್ಲಿ ಕ್ರಾಫರ್ಡರ 1509 ರೋಗಿಗಳ ಅನುಭವವು 1993ರಲ್ಲಿ ಪ್ರಕಟವಾಯಿತು. ಅವರಲ್ಲಿ ಶೇಕಡ 8ರಷ್ಟು ಮಂದಿ 30 ದಿನಗಳೊಳಗೆ ತೀರಿಕೊಂಡಿದ್ದರು. ಶೇಕಡ 16ರಷ್ಟು ಮಂದಿಗೆ ಕಾಲುಗಳ ಸ್ವಾಧೀನವು ಪೂರ್ತಿಯಾಗಿಯೋ ಭಾಗಶಃವೋ ತಪ್ಪಿತ್ತು. ಇದು ನುರಿತ ಕೈಗಳ ಫಲ ಎಂಬುದನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

1990ರಲ್ಲಿ ಬ್ಯೂನಸ್ ಐರಿಸ್ಸಿನ ಹ್ವಾನ್ ಪರೋದಿ ಅವರು ತೊಡೆಸಂದಿನ ಧಮನಿಯ ಮೂಲಕ ಬಟ್ಟೆಯ ಕೊಳವೆಯೊಂದನ್ನು ತೂರಿಸಿ, ಹೊಟ್ಟೆಯನ್ನು ಸೀಳದೆಯೇ ಉಬ್ಬನ್ನು ಒಳಗಿನಿಂದ ಮುಚ್ಚಿದರು. ಅನಂತರದ ವರ್ಷಗಳಲ್ಲಿ ಆ ಕೊಳವೆಗೆ ಕಿಂಡಿಗಳನ್ನೂ ಕವಲುಗಳನ್ನೂ ಇಟ್ಟು, ಶಾಖೆಗಳಿರುವ ಭಾಗಕ್ಕೂ ಅದನ್ನು ಒಗ್ಗಿಸಲಾಯಿತು. ಇಲ್ಲಿ ಕತ್ತರಿಯ ಕೌಶಲಕ್ಕಿಂತ ಮುಂಚೆ ಅಳತೆಯ ಕೌಶಲ ಬೇಕು. ಸಿ.ಟಿ. ಚಿತ್ರಗಳನ್ನು ನೋಡಿ ಪ್ರತಿಯೊಂದು ಶಾಖೆಯ ಎತ್ತರವನ್ನೂ ದಿಕ್ಕನ್ನೂ ಮಿಲಿಮೀಟರುಗಳಲ್ಲಿ ಗುರುತಿಸಬೇಕು. ಕಿಂಡಿಯು ಶಾಖೆಯ ಬಾಯಿಗೆ ಕೂಡದಿದ್ದರೆ ಒಂದು ಮೂತ್ರಪಿಂಡವೇ ಹೋದೀತು.

ಇನ್ನು ವಕ್ರರೇಖೆಯ ವಿಚಾರ. ಎಬ್ಬಿಂಗ್‌ಹೌಸರು 1885ರಲ್ಲಿ ಸ್ಮೃತಿಯನ್ನು ಕುರಿತು ನಡೆಸಿದ ಪ್ರಯೋಗಗಳಿಂದ ಮನಶ್ಶಾಸ್ತ್ರದಲ್ಲಿ ಇದರ ಬಳಕೆ ಬೆಳೆಯಿತು. 1936ರಲ್ಲಿ ಅಮೆರಿಕದ ಇಂಜಿನಿಯರ್ ಟಿ. ಪಿ. ರೈಟ್ ಅವರು ವಿಮಾನಗಳ ತಯಾರಿಕೆಯಲ್ಲಿ ಒಂದು ನಿಯಮವನ್ನು ಕಂಡರು. ತಯಾರಾದ ವಿಮಾನಗಳ ಸಂಖ್ಯೆ ಇಮ್ಮಡಿಯಾದಂತೆಲ್ಲ, ಒಂದಕ್ಕೆ ತಗಲುವ ಸರಾಸರಿ ದುಡಿಮೆಯು ಹಿಂದಿನದರ ಶೇಕಡ 80ಕ್ಕೆ ಇಳಿಯುತ್ತದೆ. (‘ಕಡಿದಾದ ರೇಖೆ’ ಎಂದರೆ ಕಲಿಯಲು ಕಷ್ಟವೆಂದು ಜನ ಇಂದು ಭಾವಿಸುತ್ತಾರೆ. ಕೌಶಲವನ್ನು ಮೇಲ್ಮುಖವಾಗಿ ಗುರುತಿಸುವ ರೇಖೆಯಲ್ಲಿ ಕಡಿದು ಎಂದರೆ ಬೇಗ ಕಲಿತದ್ದು ಎಂದರ್ಥ. ಅರ್ಥವು ತಲೆಕೆಳಗಾಗಿರುವುದು ವಿನೋದಕರವಾಗಿದೆ.) ಆದರೆ ವಿಮಾನಗಳು ಒಂದೇ ಅಚ್ಚಿನವು, ರೋಗಿಗಳು ಹಾಗಲ್ಲ.

ಶಸ್ತ್ರಚಿಕಿತ್ಸೆಯಲ್ಲಿ ಸುಲಭವಾಗಿ ಅಳೆಯಬಹುದಾದದ್ದು ಕಾಲ. ಅಭ್ಯಾಸವಾದಂತೆ ಗಂಟೆಗಳು ಕಡಮೆಯಾಗುತ್ತವೆ, ರೇಖೆಯು ಅಂದವಾಗಿ ಇಳಿಯುತ್ತದೆ. ಆದರೆ ರೋಗಿ ಕೇಳುವುದು ಗಂಟೆಯನ್ನಲ್ಲ, ಉಳಿವನ್ನು. ಅಲ್ಲಿ ಸಣ್ಣ ಸಂಖ್ಯೆಗಳ ತೊಡಕು ಎದುರಾಗುತ್ತದೆ. ಒಂದು ತಂಡದ ನಿಜವಾದ ಮರಣಪ್ರಮಾಣ ಶೇಕಡ 10 ಎಂದಿಟ್ಟುಕೊಳ್ಳೋಣ. ಮೊದಲ 20 ಚಿಕಿತ್ಸೆಗಳಲ್ಲಿ ಒಂದೂ ಸಾವು ಸಂಭವಿಸದಿರುವ ಸಾಧ್ಯತೆ ಶೇಕಡ ಸುಮಾರು 12. ಅದೇ ತಂಡದಲ್ಲಿ ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಸಾವುಗಳಾಗುವ ಸಾಧ್ಯತೆ ಶೇಕಡ ಸುಮಾರು 13. ಎಂದರೆ ಒಂದೇ ಯೋಗ್ಯತೆಯ ಎರಡು ತಂಡಗಳಲ್ಲಿ ಒಂದು ಕೀರ್ತಿಗೂ ಇನ್ನೊಂದು ಅಪವಾದಕ್ಕೂ ಪಾತ್ರವಾಗಬಹುದು. ಮೊದಲ 20 ರೋಗಿಗಳೂ ಬದುಕಿದರೆಂದು ಹಿಗ್ಗುವ ತಂಡದ ನಿಜವಾದ ಪ್ರಮಾಣವು ಶೇಕಡ 14ರಷ್ಟು ಇದ್ದರೂ ಲೆಕ್ಕಕ್ಕೆ ವಿರೋಧವಿಲ್ಲ.

ಹಾಗೆಂದ ಮಾತ್ರಕ್ಕೆ ಸುಮ್ಮನೆ ಕಾದು ಕುಳಿತಿರಲಾಗದು. 1954ರಲ್ಲಿ ಇ. ಎಸ್. ಪೇಜ್ ಅವರು ಕಾರ್ಖಾನೆಯ ಸರಕಿನ ತಪಾಸಣೆಗಾಗಿ ರೂಪಿಸಿದ ಸಂಚಿತ ಮೊತ್ತದ ವಿಧಾನ ಇಲ್ಲಿ ಉಪಯುಕ್ತ. ಶೇಕಡ 10ನ್ನು ಒಪ್ಪತಕ್ಕ ಪ್ರಮಾಣವೆಂದು ಹಿಡಿದರೆ, ರೋಗಿಯೊಬ್ಬರು ಬದುಕಿದಾಗ ರೇಖೆಯನ್ನು 0.1ರಷ್ಟು ಇಳಿಸುತ್ತೇವೆ, ತೀರಿಕೊಂಡಾಗ 0.9ರಷ್ಟು ಏರಿಸುತ್ತೇವೆ. ಕೆಲಸ ಸರಿಯಿದ್ದರೆ ರೇಖೆ ಮಟ್ಟಸವಾಗಿ ಸಾಗುತ್ತದೆ. ಏರುತ್ತಲೇ ಹೋದರೆ ನಿಂತು ವಿಚಾರಿಸಬೇಕು. ಲಂಡನ್ನಿನ ಶಸ್ತ್ರವೈದ್ಯ ಮಾರ್ಕ್ ಡಿ ಲೆವಾಲ್ ಅವರು ನವಜಾತ ಶಿಶುಗಳ ಹೃದಯದ ಧಮನಿಗಳನ್ನು ಅದಲುಬದಲು ಮಾಡುವ 104 ಚಿಕಿತ್ಸೆಗಳ ತಮ್ಮದೇ ಲೆಕ್ಕವನ್ನು 1994ರಲ್ಲಿ ಈ ಬಗೆಯಲ್ಲಿ ಪ್ರಕಟಿಸಿದರು. ಮೊದಲ 52 ಶಿಶುಗಳಲ್ಲಿ ಸತ್ತದ್ದು ಒಂದು. ಮುಂದಿನ 16ರಲ್ಲಿ ಏಳು. ಅವರು ಅದನ್ನು ದುರದೃಷ್ಟವೆಂದು ತಳ್ಳಿಹಾಕದೆ, ಮತ್ತೆ ಶಿಷ್ಯರಾಗಿ ತರಬೇತಿ ಪಡೆದರು. ಕಲಿಕೆಯು ಒಮ್ಮೆ ಮುಗಿದರೆ ಮುಗಿಯಿತು ಎಂಬ ನಂಬಿಕೆಗೆ ಇದಕ್ಕಿಂತ ಬಲವಾದ ಉತ್ತರವನ್ನು ನಾವು ಕಾಣೆವು.

ರೇಖೆಯು ಮಟ್ಟಸವಾಗಿದ್ದರೆ ಕಲಿಕೆ ನಡೆದಿಲ್ಲವೆಂದೂ ಹೇಳಲಾಗದು. ವಿವೇಕಿಗಳಾದ ತಂಡದವರು ಮೊದಲು ಸರಳವಾದ ಉಬ್ಬುಗಳನ್ನು ಆರಿಸಿಕೊಂಡು, ಕೈ ಪಳಗಿದಂತೆ ನಾಲ್ಕು ಶಾಖೆಗಳ ಜಟಿಲ ಉಬ್ಬುಗಳನ್ನೂ ವೃದ್ಧರಾದ ರೋಗಿಗಳನ್ನೂ ಒಪ್ಪಿಕೊಳ್ಳುತ್ತಾರೆ. ಆಗ ಕೌಶಲ ಹೆಚ್ಚಿದರೂ ಮರಣಪ್ರಮಾಣ ಇದ್ದಲ್ಲಿಯೇ ಇರುತ್ತದೆ. ರೋಗಿಗಳ ಸ್ಥಿತಿಯನ್ನು ಲೆಕ್ಕಕ್ಕೆ ಹಿಡಿಯದ ರೇಖೆಯನ್ನು ನಂಬುವಂತಿಲ್ಲ.

ಈಗ ಮುಖ್ಯವಾದ ಪ್ರಶ್ನೆ: ಕಲಿಯುವವರು ಯಾರು? ಪಿಸಾನೊ, ಬೊಮರ್, ಎಡ್ಮಂಡ್‌ಸನ್ ಅವರು 16 ಆಸ್ಪತ್ರೆಗಳಲ್ಲಿ ಹೃದಯದ ಹೊಸ ಚಿಕಿತ್ಸಾಕ್ರಮವೊಂದಕ್ಕೆ ಒಳಗಾದ 660 ರೋಗಿಗಳ ವಿವರಗಳನ್ನು ಪರಿಶೀಲಿಸಿ 2001ರಲ್ಲಿ ಪ್ರಕಟಿಸಿದರು. ಎಲ್ಲರೂ ಕಲಿತದ್ದು ಒಂದೇ ವಿದ್ಯೆಯನ್ನಾದರೂ ವೇಗ ಮಾತ್ರ ಆಸ್ಪತ್ರೆಯಿಂದ ಆಸ್ಪತ್ರೆಗೆ ಬಹಳ ಭಿನ್ನವಾಗಿತ್ತು. ಒಂದೇ ತಂಡವನ್ನು ಕದಲಿಸದೆ ಉಳಿಸಿಕೊಂಡು, ದಾದಿಯೂ ನಿರ್ಭಯವಾಗಿ ಬಾಯಿಬಿಡಬಹುದಾದ ವಾತಾವರಣವಿದ್ದಲ್ಲಿ ಕಲಿಕೆ ಚುರುಕಾಗಿತ್ತೆಂದು ಎಡ್ಮಂಡ್‌ಸನ್ ಮತ್ತು ಸಂಗಡಿಗರು ಕಂಡರು. ಪೆನ್ಸಿಲ್ವೇನಿಯ ರಾಜ್ಯದ ಹೃದಯ ಶಸ್ತ್ರವೈದ್ಯರನ್ನು ಕುರಿತು ಹಕ್‌ಮನ್ ಮತ್ತು ಪಿಸಾನೊ 2006ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಸ್ವಾರಸ್ಯಕರ. ಒಂದು ಆಸ್ಪತ್ರೆಯಲ್ಲಿ ಹೆಚ್ಚು ಚಿಕಿತ್ಸೆಗಳನ್ನು ಮಾಡಿದ ವೈದ್ಯರ ಫಲಿತಾಂಶ ಅದೇ ಆಸ್ಪತ್ರೆಯಲ್ಲಿ ಸುಧಾರಿಸುತ್ತಿತ್ತು. ಅದೇ ವೈದ್ಯರು ಮತ್ತೊಂದು ಆಸ್ಪತ್ರೆಯಲ್ಲಿ ಮಾಡುವ ಚಿಕಿತ್ಸೆಗೆ ಆ ಅನುಭವದ ಫಲ ಅಷ್ಟಾಗಿ ದೊರೆಯುತ್ತಿರಲಿಲ್ಲ.

ಮಹಾಧಮನಿಯ ಚಿಕಿತ್ಸೆಯಲ್ಲಿ ಇದರ ಅರ್ಥ ಸ್ಪಷ್ಟ. ಬೆನ್ನುಹುರಿಯ ಸುತ್ತಣ ದ್ರವವನ್ನು ಸಣ್ಣ ನಳಿಕೆಯಿಂದ ಹೊರಹರಿಸಿ ಒತ್ತಡವನ್ನು ತಗ್ಗಿಸಿದರೆ ಕಾಲುಗಳನ್ನು ಉಳಿಸಬಹುದು. ಹ್ಯೂಸ್ಟನ್ನಿನಲ್ಲಿ 145 ರೋಗಿಗಳಲ್ಲಿ ನಡೆಸಿ 2002ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಕಾಲುಗಳ ಸ್ವಾಧೀನ ತಪ್ಪುವ ಪ್ರಮಾಣ ಇದರಿಂದ ಶೇಕಡ 13ರಿಂದ 2.6ಕ್ಕೆ ಇಳಿದಿತ್ತು. ಆದರೆ ಈ ದೌರ್ಬಲ್ಯ ಕೆಲವೊಮ್ಮೆ ಚಿಕಿತ್ಸೆಯಾದ ಮೇಲೆ, ಶಸ್ತ್ರವೈದ್ಯರು ಮನೆಗೆ ಹೋಗಿರುವ ಹೊತ್ತಿನಲ್ಲಿ ತಲೆದೋರುತ್ತದೆ. ನಡುರಾತ್ರಿಯಲ್ಲಿ ರೋಗಿಯ ಕಾಲು ಏಳುತ್ತಿಲ್ಲವೆಂಬುದನ್ನು ಗಮನಿಸುವವರು ದಾದಿ. ರಕ್ತದೊತ್ತಡವನ್ನು ಏರಿಸಿ ನಳಿಕೆಯನ್ನು ಸರಿಪಡಿಸುವವರು ಕಿರಿಯ ವೈದ್ಯರು. ಇವರು ಕಲಿಯದಿದ್ದರೆ ಶಸ್ತ್ರವೈದ್ಯರು ಪರದೇಶದಿಂದ ಕಲಿತು ತಂದದ್ದು ಅರ್ಧ ವಿದ್ಯೆಯೇ ಸರಿ.

ಕಲಿಕೆಯ ಬೆಲೆಯನ್ನು ತೆರುವವರಿಗೆ ಅದನ್ನು ತಿಳಿಸಬೇಕೆ? ಇಂಗ್ಲೆಂಡಿನ ಬ್ರಿಸ್ಟಲಿನಲ್ಲಿ ಮಕ್ಕಳ ಹೃದಯ ಶಸ್ತ್ರಚಿಕಿತ್ಸೆಯನ್ನು ಕುರಿತು ಇಯನ್ ಕೆನಡಿ ಅವರ ಅಧ್ಯಕ್ಷತೆಯಲ್ಲಿ ನಡೆದ ವಿಚಾರಣೆಯ ವರದಿ 2001ರಲ್ಲಿ ಹೊರಬಂದಿತು. 1991ರಿಂದ 1995ರವರೆಗೆ, ಸಾಧಾರಣ ಆಸ್ಪತ್ರೆಯಲ್ಲಿ ನಿರೀಕ್ಷಿಸಬಹುದಾಗಿದ್ದುದಕ್ಕಿಂತ 30ರಿಂದ 35 ಶಿಶುಗಳು ಅಲ್ಲಿ ಹೆಚ್ಚಾಗಿ ಸತ್ತಿದ್ದುವೆಂದು ಅದು ಅಂದಾಜು ಮಾಡಿತು. ಚಿಕಿತ್ಸೆ ಎಷ್ಟು ಹೊಸದು, ವೈದ್ಯರ ಅನುಭವವೆಷ್ಟು ಎಂಬುದನ್ನು ಅರಿಯುವ ಹಕ್ಕು ರೋಗಿಗಿದೆ ಎಂಬ ನಿಲುವು ಅಲ್ಲಿಂದ ಬಲಗೊಂಡಿತು. ‘ನೀವು ನಮ್ಮ ಮೂರನೆಯ ರೋಗಿ’ ಎಂದು ಹೇಳುವುದು ಸುಲಭವಲ್ಲ. ಆದರೂ ಹೇಳಬೇಕೆಂಬುದೇ ನಮ್ಮ ಮತ. ನುರಿತವರೊಬ್ಬರು ಪಕ್ಕದಲ್ಲಿ ನಿಂತಿರುತ್ತಾರೆಂಬ ಮಾತನ್ನೂ ಜೊತೆಗೆ ಹೇಳುವಂತಿರಬೇಕು.

ಯೂರೋಪಿನ ರಕ್ತನಾಳ ಶಸ್ತ್ರವೈದ್ಯರ ಸಂಘವು 2019ರ ತನ್ನ ಮಾರ್ಗಸೂಚಿಯಲ್ಲಿ, ಹೊಟ್ಟೆಯ ಮಹಾಧಮನಿಯ ಚಿಕಿತ್ಸೆಯನ್ನು ವರ್ಷಕ್ಕೆ 30ಕ್ಕೆ ಕಡಮೆಯಿಲ್ಲದಂತೆ ಮಾಡುವ ಕೇಂದ್ರಗಳಲ್ಲಿ ಮಾತ್ರ ಕೈಗೊಳ್ಳುವುದು ಉಚಿತವೆಂದು ಸೂಚಿಸಿತು. ಹತ್ತು ಆಸ್ಪತ್ರೆಗಳು ವರ್ಷಕ್ಕೆ ಮೂರು ಮೂರರಂತೆ ಹಂಚಿಕೊಂಡರೆ ಹತ್ತೂ ರೇಖೆಯ ಬುಡದಲ್ಲಿಯೇ ಉಳಿಯುತ್ತವೆ. ಒಂದೇ ಕಡೆ ಸೇರಿಸಿದರೆ ಆ ಕೇಂದ್ರ ಒಂದೆರಡು ವರ್ಷಗಳಲ್ಲಿ ಪಳಗೀತು. ಯೋಜಿಸಿ ಮಾಡುವ ಚಿಕಿತ್ಸೆಗೆ ಈ ವಾದ ನಿಲ್ಲುತ್ತದೆ. ಆದರೆ ಒಡೆದ ಉಬ್ಬಿನೊಡನೆ ರಾತ್ರಿ ಬಂದಿಳಿಯುವ ರೋಗಿಗೆ ಇನ್ನೂರು ಮೈಲಿ ದೂರದ ಕೇಂದ್ರದ ಕೌಶಲದಿಂದ ಪ್ರಯೋಜನವಿಲ್ಲ. ಅಂತಹವರಿಗಾಗಿ ಸಮೀಪದ ಆಸ್ಪತ್ರೆಯಲ್ಲಿ ಎಷ್ಟರಮಟ್ಟಿನ ವಿದ್ಯೆಯನ್ನು ಉಳಿಸಿಕೊಳ್ಳಬೇಕೆಂಬುದನ್ನು ಮೇಲಿನ ರೇಖೆಗಳಾವುವೂ ತಿಳಿಸುವುದಿಲ್ಲ.